ಮುಖ್ಯಸ್ಥರಿಗೆ ಆಪ್ತ ಸಹಾಯಕರನ್ನು ಆರಿಸುವಾಗ ನಿಜಕ್ಕೂ ನೋಡಬೇಕಾದ ಗುಣ ಯಾವುದು?

ಆಡಳಿತ ವಿಭಾಗದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಮಧ್ಯಮ ಗಾತ್ರದ ಉತ್ಪಾದನಾ ಕಂಪನಿಯೊಂದರ ಆಡಳಿತ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ವ್ಯವಸ್ಥಾಪಕ ನಿರ್ದೇಶಕರಿಗೆ ಆಪ್ತ ಸಹಾಯಕರೊಬ್ಬರನ್ನು ಹುಡುಕಿಕೊಡುವ ಹೊಣೆ ಎರಡು ವರ್ಷಗಳಲ್ಲಿ ಮೂರನೆಯ ಸಲ ನನ್ನ ಹೆಗಲಿಗೆ ಬಂದಿದೆ. ಹಿಂದಿನ ಇಬ್ಬರನ್ನೂ ಆರಿಸಿದವಳು ನಾನೇ. ಎರಡು ಆಯ್ಕೆಗಳೂ ಕೈಕೊಟ್ಟವು, ಅದೂ ಒಂದಕ್ಕೊಂದು ತೀರ ವಿರುದ್ಧವಾದ ಕಾರಣಗಳಿಗಾಗಿ.

ಮೊದಲನೆಯವರು ಬಹಳ ಚುರುಕು. ಡಿಕ್ಟೇಶನ್ ಮುಗಿದ ಕಾಲು ಗಂಟೆಯೊಳಗೆ ಪತ್ರ ಒಂದು ಅಕ್ಷರವೂ ತಪ್ಪಿಲ್ಲದೆ ಮೇಜಿನ ಮೇಲಿರುತ್ತಿತ್ತು. ಒಂದು ದಿನ ಮಾರಾಟ ವಿಭಾಗದವರು ಫೋನ್ ಮಾಡಿ ಸಾಹೇಬರು ಸಿಗುತ್ತಾರೆಯೇ ಎಂದು ವಿಚಾರಿಸಿದಾಗ, ‘ಬ್ಯಾಂಕಿನವರು ಬಂದಿದ್ದಾರೆ, ಈ ವಾರದಲ್ಲಿ ಇದು ಮೂರನೆಯ ಸಲ, ಹೊರಬರುವುದು ತಡವಾಗಬಹುದು’ ಎಂದು ಸಹಜವಾಗಿಯೇ ಹೇಳಿಬಿಟ್ಟರು. ಸಂಜೆಯಾಗುವಷ್ಟರಲ್ಲಿ ಈ ತಿಂಗಳ ಸಂಬಳ ತಡವಾಗುತ್ತದಂತೆ ಎಂಬ ಸುದ್ದಿ ಇಡೀ ಕಾರ್ಖಾನೆಯಲ್ಲಿ ಹಬ್ಬಿತ್ತು. ನಿಜವಾಗಿ ಒಳಗೆ ನಡೆಯುತ್ತಿದ್ದುದು ಹೊಸ ಯಂತ್ರಗಳಿಗೆ ಸಾಲ ಪಡೆಯುವ ಮಾತುಕತೆ.

ಆ ಪೆಟ್ಟು ತಿಂದ ಮೇಲೆ ಎರಡನೆಯ ಸಲ ನಾನು ನಿಷ್ಠೆಯೊಂದನ್ನೇ ನೋಡಿದೆ. ಎರಡನೆಯವರ ಬಾಯಿಂದ ಒಂದು ಮಾತೂ ಹೊರಬೀಳುತ್ತಿರಲಿಲ್ಲ. ಆದರೆ ಯಾರನ್ನೂ ಒಳಗೂ ಬಿಡುತ್ತಿರಲಿಲ್ಲ. ಗುಣಮಟ್ಟ ವಿಭಾಗದ ಹಿರಿಯರೊಬ್ಬರು ಹತ್ತು ದಿನ ಸಮಯ ಕೇಳಿ, ಸಿಗದೆ, ಕೊನೆಗೆ ಸುಮ್ಮನಾದರು. ಅವರು ಹೇಳಬೇಕೆಂದಿದ್ದುದು ನಮ್ಮ ದೊಡ್ಡ ಗ್ರಾಹಕರೊಬ್ಬರ ದೂರಿನ ವಿಷಯ; ನಿರ್ದೇಶಕರಿಗೆ ಅದು ತಿಳಿದದ್ದು ಆ ಗ್ರಾಹಕರು ಆರ್ಡರ್ ನಿಲ್ಲಿಸಿದ ಮೇಲೆ.

ಹುದ್ದೆಯ ಜಾಹೀರಾತಿನಲ್ಲಿ ಸಂವಹನ ಕೌಶಲ, ಸಮಯಪಾಲನೆ, ಒತ್ತಡವನ್ನು ನಿಭಾಯಿಸುವ ಸಾಮರ್ಥ್ಯ ಎಂದು ಎಂದಿನಂತೆ ಬರೆದಿರುತ್ತೇವೆ. ಇವೆಲ್ಲ ಆ ಇಬ್ಬರಲ್ಲೂ ಇದ್ದವು. ಹಾಗಾದರೆ ಇಲ್ಲದಿದ್ದ ಗುಣ ಯಾವುದು, ಅದನ್ನು ಸಂದರ್ಶನದ ಹಂತದಲ್ಲಿಯೇ ಗುರುತಿಸಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ. ಈ ಕೆಲಸವನ್ನು ಮಾಡಿದವರು, ಮಾಡಿಸಿಕೊಂಡವರು ತಿಳಿಸಿದರೆ ಉಪಕಾರವಾಗುತ್ತದೆ.

---

ನಿವೃತ್ತ ಶೀಘ್ರಲಿಪಿಗಾರ ಬರೆದದ್ದು:

ಮೇಡಂ, ಇಪ್ಪತ್ತಾರು ವರ್ಷ ನಾಲ್ವರು ಮುಖ್ಯಸ್ಥರ ಕೋಣೆಯ ಹೊರಗೆ ಕುಳಿತು ನಿವೃತ್ತನಾದವನು ನಾನು. ನಿಮ್ಮ ಪ್ರಶ್ನೆಯನ್ನು ಓದಿದಾಗ ನೀವು ಹೇಳಿದ ಇಬ್ಬರೂ ನಾನೇ ಎನ್ನಿಸಿತು: ಮೊದಲ ಐದು ವರ್ಷ ಅವರ ಹಾಗೆ, ಆಮೇಲಿನ ಐದು ವರ್ಷ ಇವರ ಹಾಗೆ.

ಇಂಗ್ಲಿಷಿನಲ್ಲಿ ಸೆಕ್ರೆಟರಿ ಎಂಬ ಪದವಿದೆಯಲ್ಲ, ಅದರ ಬೇರು ಗುಟ್ಟು ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಗುಟ್ಟನ್ನು ನಂಬಿ ಒಪ್ಪಿಸಬಹುದಾದವನು ಸೆಕ್ರೆಟರಿ. ನಮ್ಮಲ್ಲಿ ಆಪ್ತ ಎನ್ನುತ್ತೇವೆ. ಹತ್ತಿರದವನು ಎಂಬ ಅರ್ಥದಲ್ಲಿಯೇ ಈ ಪದ ಈಗ ಹೆಚ್ಚು ಬಳಕೆಯಲ್ಲಿದ್ದರೂ, ನಮ್ಮ ಹಳೆಯ ತರ್ಕದರ್ಶನವಾದ ನ್ಯಾಯಶಾಸ್ತ್ರದವರ ಪ್ರಕಾರ ಆಪ್ತನೆಂದರೆ ಇದ್ದುದನ್ನು ಇದ್ದ ಹಾಗೆ ಹೇಳುವವನು, ಯಾರ ಮಾತನ್ನು ಪ್ರಮಾಣವೆಂದು ಒಪ್ಪಬಹುದೋ ಅವನು. ಒಂದು ಪದ ಹೊರಗಿನವರೆದುರು ಬಾಯಿ ಮುಚ್ಚಿಕೊಳ್ಳುವುದನ್ನು ಹೇಳುತ್ತದೆ, ಇನ್ನೊಂದು ಒಳಗಿನವರೆದುರು ಬಾಯಿ ಬಿಡುವುದನ್ನು ಹೇಳುತ್ತದೆ. ನಿಮ್ಮ ಮೊದಲನೆಯವರು ಸೆಕ್ರೆಟರಿಯಾಗಲಿಲ್ಲ, ಎರಡನೆಯವರು ಆಪ್ತರಾಗಲಿಲ್ಲ. ಎರಡೂ ಒಬ್ಬರಲ್ಲಿಯೇ ಇರಬೇಕೆಂಬುದೇ ಈ ಹುದ್ದೆಯ ಕಷ್ಟ.

ಗುಟ್ಟು ಹೊರಬೀಳುವುದು ಸಾಮಾನ್ಯವಾಗಿ ದುರುದ್ದೇಶದಿಂದಲ್ಲ, ಸೌಜನ್ಯದಿಂದ. ಯಾರಿಗಾದರೂ ಇಲ್ಲ ಎನ್ನಬೇಕಾಗಿ ಬಂದಾಗ ಒಂದು ಕಾರಣ ಕೊಡದಿದ್ದರೆ ಒರಟಾಯಿತೇನೋ ಎಂದು ಮನಸ್ಸು ಅಳುಕುತ್ತದೆ. ಆ ಅಳುಕಿನಲ್ಲಿ ಬ್ಯಾಂಕಿನವರು, ವಕೀಲರು, ಲೆಕ್ಕ ಪರಿಶೋಧಕರು ಎಲ್ಲರೂ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಾರೆ. ಕಾರಣದ ಬದಲು ಸಮಯವನ್ನು ಕೊಡಲು ಕಲಿತವರು ಈ ಬಲೆಯಿಂದ ಪಾರಾಗುತ್ತಾರೆ. ‘ಈಗ ಸಿಗುವುದಿಲ್ಲ, ನಾಲ್ಕೂವರೆಗೆ ಹತ್ತು ನಿಮಿಷ ಮಾಡಿಕೊಡಬಲ್ಲೆ, ವಿಷಯ ಏನೆಂದು ಒಂದು ಸಾಲು ಬರೆದುಕೊಳ್ಳಲೇ?’ ಎಂದರೆ ಕೇಳಿದವರಿಗೂ ಬೇಸರವಿಲ್ಲ, ಒಳಗಿನ ಸುದ್ದಿಯೂ ಹೊರಗೆ ಹೋಗಲಿಲ್ಲ. ಆ ಕೊನೆಯ ಪ್ರಶ್ನೆಯನ್ನು ಗಮನಿಸಿ. ನಿಮ್ಮ ಎರಡನೆಯವರು ಗುಣಮಟ್ಟ ವಿಭಾಗದ ಹಿರಿಯರಿಂದ ಆ ಒಂದು ಸಾಲನ್ನು ಕೇಳಿ ಪಡೆದು ಚೀಟಿಯಲ್ಲಿ ಒಳಗೆ ಕಳುಹಿಸಿದ್ದರೆ, ಭೇಟಿಗೆ ಸಮಯ ಸಿಗದಿದ್ದರೂ ವಿಷಯ ತಲುಪುತ್ತಿತ್ತು.

ಇನ್ನೊಂದು ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ನಾನು ಕಲಿತದ್ದು ಎಡವಿ ಬಿದ್ದು. ಲಂಡನ್ನಿನವರೂ ನ್ಯೂಯಾರ್ಕಿನವರೂ ಸೇರುವ ದೂರವಾಣಿ ಸಭೆಗಳನ್ನು ನಾನು ವರ್ಷಗಟ್ಟಲೆ ಏರ್ಪಡಿಸಿದ್ದೆ. ಎರಡು ಊರುಗಳ ನಡುವೆ ಐದು ಗಂಟೆಯ ವ್ಯತ್ಯಾಸ ಎಂಬುದು ಬಾಯಿಪಾಠವಾಗಿತ್ತು. 2007ರಲ್ಲಿ ಅಮೆರಿಕದವರು ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನವನ್ನು ಏಪ್ರಿಲ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೆಯ ಭಾನುವಾರಕ್ಕೆ ತಂದರು. ಯುರೋಪಿನವರದು ಹಿಂದಿನಂತೆ ಮಾರ್ಚ್ ಕೊನೆಯ ಭಾನುವಾರವೇ. ಹೀಗಾಗಿ ನಡುವಿನ ವಾರಗಳಲ್ಲಿ ವ್ಯತ್ಯಾಸ ನಾಲ್ಕೇ ಗಂಟೆ. ನಾನು ಎಂದಿನಂತೆ ಐದು ಎಂದು ಎಣಿಸಿ ಲಂಡನ್ನಿಗೆ ಮಧ್ಯಾಹ್ನ ಎರಡು, ನ್ಯೂಯಾರ್ಕಿಗೆ ಬೆಳಗ್ಗೆ ಒಂಬತ್ತು ಎಂದು ತಿಳಿಸಿದೆ. ನ್ಯೂಯಾರ್ಕಿನ ನಾಲ್ವರು ಒಂದು ಗಂಟೆ ಮೊದಲೇ ಬಂದು ಖಾಲಿ ಲೈನಿನಲ್ಲಿ ಕಾದು ಎದ್ದುಹೋದರು.

ತಪ್ಪಿನ ಅರಿವಾದ ಕೂಡಲೇ ನನ್ನ ಮುಂದೆ ಎರಡು ದಾರಿಗಳಿದ್ದವು. ಸದ್ದಿಲ್ಲದೆ ಎರಡು ಕಡೆಯವರಿಗೂ ಕ್ಷಮೆ ಕೇಳಿ, ಸಭೆಯನ್ನು ಮುಂದಕ್ಕೆ ಹಾಕಿ, ಲೈನ್ ಸರಿಯಿರಲಿಲ್ಲ ಎಂದು ಸಾಹೇಬರಿಗೆ ಹೇಳಬಹುದಿತ್ತು. ಒಳಗೆ ಹೋಗಿ, ‘ಸರ್, ಸಮಯ ಲೆಕ್ಕ ಹಾಕಿದ್ದು ನಾನು, ತಪ್ಪಿದೆ, ಅವರು ಕಾದು ಹೋದರು’ ಎಂದೆ. ಅವರ ಮುಖ ಗಂಟಿಕ್ಕಿತು. ಆದರೆ ಹತ್ತು ನಿಮಿಷದಲ್ಲಿ ಅವರೇ ನ್ಯೂಯಾರ್ಕಿಗೆ ಫೋನ್ ಮಾಡಿ ಕ್ಷಮೆ ಕೇಳಿ ವಿಷಯವನ್ನು ಮುಗಿಸಿದರು. ನಾನು ಮುಚ್ಚಿಟ್ಟಿದ್ದರೆ ಅವರು ಎಂದೋ ಒಂದು ದಿನ ಬೇರೆಯವರ ಬಾಯಿಂದ ಕೇಳುತ್ತಿದ್ದರು, ಅಂದಿನಿಂದ ನನ್ನ ಪ್ರತಿಯೊಂದು ಟಿಪ್ಪಣಿಯನ್ನೂ ಎರಡು ಸಲ ಓದುತ್ತಿದ್ದರು. ಮುಖ್ಯಸ್ಥರು ಎರಡು ಸಲ ಓದಬೇಕಾದ ಟಿಪ್ಪಣಿಯನ್ನು ಬರೆಯುವ ಸಹಾಯಕರಿಂದ ಯಾರ ಸಮಯವೂ ಉಳಿಯುವುದಿಲ್ಲ. ಅಂದ ಹಾಗೆ, ಆ ಬಳಿಕ ಕಳುಹಿಸಿದ ಪ್ರತಿ ಆಹ್ವಾನದಲ್ಲಿಯೂ ಎಲ್ಲ ಊರುಗಳ ಸಮಯವನ್ನು ಬೇರೆಬೇರೆಯಾಗಿ ಬರೆದು, ಆಯಾ ಕಚೇರಿಯವರಿಂದಲೇ ಖಚಿತಪಡಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

---

ಒಳಕೋಣೆಯವನು ಬರೆದದ್ದು:

ನಾನು ಮೇಜಿನ ಆ ಬದಿಯಲ್ಲಿ ಕುಳಿತವನು, ಅಂದರೆ ಸಹಾಯಕರನ್ನು ಇಟ್ಟುಕೊಂಡವನು. ಮೇಲಿನ ಹಿರಿಯರ ಮಾತುಗಳಿಗೆ ನನ್ನ ಸಹಮತವಿದೆ, ಒಂದನ್ನು ಬಿಟ್ಟು.

ನಿಮ್ಮ ಎರಡನೆಯ ಸಹಾಯಕರ ದೋಷ ಅವರೊಬ್ಬರದೇ ಆಗಿರಲಿಕ್ಕಿಲ್ಲ. ನನ್ನಲ್ಲಿಯೂ ಅಂಥವರೊಬ್ಬರಿದ್ದರು, ಮತ್ತು ಅವರನ್ನು ಹಾಗೆ ಮಾಡಿದವನು ನಾನೇ. ಬಜೆಟ್ ಸಿದ್ಧಪಡಿಸುತ್ತಿದ್ದ ಒಂದು ದಿನ ರೇಗಿ, ‘ಯಾರನ್ನೂ ಬಿಡಬೇಡಿ’ ಎಂದಿದ್ದೆ. ನನಗೆ ಅದು ಆ ದಿನದ ಮಾತು, ಅವರಿಗೆ ಅದು ಶಾಶ್ವತವಾದ ಅಪ್ಪಣೆ. ಅಪ್ಪಣೆಯ ಆಯುಸ್ಸು ಎಷ್ಟು ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ, ಹೇಳುವ ವ್ಯವಧಾನ ನನಗಿರಲಿಲ್ಲ.

ಅವರ ನಂತರ ಬಂದವರು ಮೊದಲ ವಾರದಲ್ಲಿಯೇ ತಾವಾಗಿ ಒಂದು ಪದ್ಧತಿಯನ್ನು ಶುರುಮಾಡಿದರು. ದಿನದ ಕೊನೆಗೆ ನನ್ನ ಮೇಜಿನ ಮೇಲೆ ಅರ್ಧ ಹಾಳೆಯ ಒಂದು ಚೀಟಿ ಇರುತ್ತಿತ್ತು. ಮೇಲುಗಡೆ ‘ಇಂದು ತಮ್ಮ ಪರವಾಗಿ’ ಎಂದು ಬರೆದಿರುತ್ತಿತ್ತು. ಅದರಲ್ಲಿ ಆ ದಿನ ನನ್ನ ಹೆಸರಿನಲ್ಲಿ ಅವರು ತೆಗೆದುಕೊಂಡ ಸಣ್ಣಪುಟ್ಟ ನಿರ್ಧಾರಗಳು, ಅದರಲ್ಲಿಯೂ ನನ್ನ ಪರವಾಗಿ ಹೇಳಿದ ‘ಇಲ್ಲ’ಗಳು. ಒಂದು ದಿನದ ಚೀಟಿ ಇನ್ನೂ ನೆನಪಿದೆ: ‘ಪೂರೈಕೆದಾರರೊಬ್ಬರಿಗೆ ಮುಂದಿನ ವಾರ ಎಂದೆ. ಭಾಷಣದ ಆಹ್ವಾನವೊಂದನ್ನು ಬೇಡವೆಂದೆ. ಖಾತೆ ವಿಭಾಗದ ಇಬ್ಬರು ಒಟ್ಟಿಗೆ ಬಂದಿದ್ದರು, ವಿಷಯ ಹೇಳಲಿಲ್ಲ, ಇಬ್ಬರ ಮುಖವೂ ಸಣ್ಣದಾಗಿತ್ತು.’

ಮೊದಲೆರಡು ಸಾಲುಗಳನ್ನು ಯಾವ ಸಹಾಯಕರಾದರೂ ಬರೆದಾರು. ಮೂರನೆಯ ಸಾಲಿಗಾಗಿ ನಾನು ಅವರನ್ನು ಹನ್ನೊಂದು ವರ್ಷ ಬಿಟ್ಟುಕೊಡಲಿಲ್ಲ. ಆ ಇಬ್ಬರನ್ನು ಮರುದಿನ ನಾನೇ ಕರೆಸಿದೆ; ಬಿಲ್ಲುಗಳಲ್ಲಿ ಕಂಡ ಒಂದು ಗೋಲ್‌ಮಾಲನ್ನು ಹೇಳಲು ಬಂದಿದ್ದರು, ಹೊರಕೋಣೆಯಲ್ಲಿ ಬೇರೆ ಜನರಿದ್ದರೆಂದು ಬಾಯಿಬಿಟ್ಟಿರಲಿಲ್ಲ. ಸಹಾಯಕರು ಊಹೆ ಮಾಡಲಿಲ್ಲ, ಬಣ್ಣ ಕಟ್ಟಲಿಲ್ಲ, ಕಂಡದ್ದನ್ನಷ್ಟೇ ಬರೆದರು.

ನನ್ನ ಭಿನ್ನಾಭಿಪ್ರಾಯ ಇಷ್ಟು. ಕಾರಣದ ಬದಲು ಸಮಯ ಕೊಡಿ ಎಂಬುದು ಒಳ್ಳೆಯ ಸೂತ್ರವಾದರೂ ನಾಲ್ಕೂವರೆಯ ತನಕ ಕಾಯಬಾರದ ಸಂಗತಿಗಳಿವೆ. ಕೆಲಸದ ಸ್ಥಳದಲ್ಲಿ ಅಪಘಾತ, ನ್ಯಾಯಾಲಯದ ನೋಟಿಸು, ಮನೆಯಿಂದ ತುರ್ತು ಕರೆ: ಇಂಥವು ಬಂದರೆ ಯಾರೊಡನೆ ಕುಳಿತಿದ್ದರೂ ಬಾಗಿಲು ತೆರೆಯಬೇಕು. ಈ ಪಟ್ಟಿಯನ್ನು ಮುಖ್ಯಸ್ಥರೇ ಮೊದಲ ದಿನ ಹೇಳಿ ಬರೆಸಬೇಕು. ಅದನ್ನು ಬರೆಸದ ಮುಖ್ಯಸ್ಥರಿಗೆ ನೀವು ಎಷ್ಟು ಜನರನ್ನು ಹುಡುಕಿಕೊಟ್ಟರೂ ನಾಲ್ಕನೆಯ ಸಲ ಈ ಪ್ರಶ್ನೆ ಕೇಳಲು ಬರಬೇಕಾದೀತು.

---

ಹಳೆಗಡತ ಬರೆದದ್ದು:

ಸ್ವಲ್ಪ ದೂರದ ಮಾತಾದರೂ ವಿಷಯಕ್ಕೆ ಹೊಂದುತ್ತದೆ ಎಂದು ಬರೆಯುತ್ತಿದ್ದೇನೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳನ್ನು ಬರೆಯುವ ಲೇಖಕ ಹೇಗಿರಬೇಕೆಂಬ ಮಾತು ಬರುತ್ತದೆ. ಅವನಿಗೆ ಅಮಾತ್ಯನಿಗಿರಬೇಕಾದ ಯೋಗ್ಯತೆಗಳಿರಬೇಕು, ಎಲ್ಲ ರೂಢಿ ಕಟ್ಟಳೆಗಳು ತಿಳಿದಿರಬೇಕು, ಬೇಗ ವಾಕ್ಯ ಕಟ್ಟಬೇಕು, ಅಕ್ಷರ ಅಂದವಾಗಿರಬೇಕು, ಬೇರೆಯವರ ಬರಹವನ್ನು ಓದಬಲ್ಲವನಾಗಿರಬೇಕು. ವೇಗ ಮತ್ತು ಅಕ್ಷರದ ಅಂದ, ಅಂದರೆ ನಮ್ಮ ಜಾಹೀರಾತುಗಳಲ್ಲಿ ಮೊದಲು ಬರುವಂಥವು, ಅಲ್ಲಿ ಅಮಾತ್ಯನ ಯೋಗ್ಯತೆಯ ನಂತರ ಬರುತ್ತವೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಬರೆಯುವವನು ಬೆರಳಷ್ಟೇ ಅಲ್ಲ, ವಿವೇಚನೆಯಲ್ಲಿ ಮಂತ್ರಿಗೆ ಸಮನಾಗಿರಬೇಕು ಎಂದಾಯಿತು.

ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಅವನು ಅವ್ಯಗ್ರ ಮನಸ್ಸಿನಿಂದ ರಾಜನ ಸಂದೇಶವನ್ನು ಕೇಳಿ, ಅರ್ಥ ನಿಶ್ಚಯವಾದ ಮೇಲೆ ಬರೆಯಬೇಕು. ಒಂದೇ ಹೊತ್ತಿಗೆ ಹತ್ತು ಕೆಲಸ ಮಾಡಬಲ್ಲವರು ಬೇಕು ಎಂದು ಇಂದು ನಾವು ಕೇಳುತ್ತೇವೆ. ಅವ್ಯಗ್ರ ಎಂದರೆ ಚದುರದ ಮನಸ್ಸು. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಅನುಮಾನವಿದ್ದರೆ ಆಗಲೇ ಕೇಳಿ, ಆಮೇಲೆ ಬರೆಯುವವರು ನನ್ನ ಮಟ್ಟಿಗೆ ಹತ್ತು ಕೆಲಸದವರಿಗಿಂತ ಬೇಗ ಮುಗಿಸುತ್ತಾರೆ. ಅಕ್ಷರದ ಅಂದ ಈಗ ಕಂಪ್ಯೂಟರಿನ ಪಾಲಿಗೆ ಹೋಗಿದೆ, ಅದನ್ನು ಬಿಡೋಣ.

---

ಇನ್ನೂ ಇದೇ ಕುರ್ಚಿಯಲ್ಲಿರುವವಳು ಬರೆದದ್ದು:

ಹಿರಿಯರು ಫೋನು, ಚೀಟಿ, ಬಾಗಿಲುಗಳ ಕುರಿತು ಬರೆದಿದ್ದಾರೆ. ಈಗ ಗುಟ್ಟು ಬಾಯಿಂದ ಸೋರುವುದಕ್ಕಿಂತ ಪರದೆಯಿಂದ ಸೋರುವುದೇ ಹೆಚ್ಚು. ಕಚೇರಿಯಲ್ಲಿ ಎಲ್ಲರೂ ಎಲ್ಲರ ಕ್ಯಾಲೆಂಡರನ್ನು ತೆರೆದು ನೋಡುವ ವ್ಯವಸ್ಥೆ ಇರುವೆಡೆ, ಮುಖ್ಯಸ್ಥರ ಬಿಡುವನ್ನು ಹುಡುಕುವವರ ಕಣ್ಣಿಗೆ ‘ವಿಭಾಗ ವಿಲೀನ: ಎರಡನೆಯ ಸುತ್ತಿನ ಚರ್ಚೆ’ ಎಂಬ ಶೀರ್ಷಿಕೆ ಬಿದ್ದರೆ ಆಮೇಲೆ ಯಾರ ಬಾಯಿ ಮುಚ್ಚಿಸಿ ಏನು ಪ್ರಯೋಜನ? ನಾನು ಅಂಥ ಸಭೆಗಳನ್ನು ಖಾಸಗಿ ಎಂದು ಗುರುತು ಮಾಡುತ್ತೇನೆ, ಶೀರ್ಷಿಕೆಯಲ್ಲಿ ‘ಚರ್ಚೆ’ ಎಂಬ ಒಂದೇ ಪದವನ್ನು ಹಾಕುತ್ತೇನೆ. ಇಮೇಲ್ ಕಳುಹಿಸುವಾಗ ಹೆಸರಿನ ಮೊದಲೆರಡು ಅಕ್ಷರ ಒತ್ತಿದರೆ ವಿಳಾಸ ತಾನಾಗಿ ತುಂಬಿಕೊಳ್ಳುತ್ತದೆ; ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರು ನಮ್ಮವರು, ಇನ್ನೊಬ್ಬರು ಪ್ರತಿಸ್ಪರ್ಧಿ ಕಂಪನಿಯವರು ಆಗಿರಬಹುದು. ಗೌಪ್ಯ ಪತ್ರಗಳಲ್ಲಿ ವಿಳಾಸವನ್ನು ಕೊನೆಗೆ, ಪತ್ರವನ್ನು ಮತ್ತೊಮ್ಮೆ ಓದಿದ ಮೇಲೆಯೇ ತುಂಬುವುದು ನನ್ನ ಅಭ್ಯಾಸ.

ಮುಂದಾಲೋಚನೆ ಎಂದು ಎಲ್ಲರೂ ಹೇಳುತ್ತಾರೆ, ಹಾಗೆಂದರೇನು ಎಂದು ಯಾರೂ ಹೇಳುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಪಾಸ್‌ಪೋರ್ಟಿನ ಅವಧಿ ಇನ್ನೂ ನಾಲ್ಕು ತಿಂಗಳಿದೆ ಎಂದರೆ ಸಾಮಾನ್ಯರಿಗೆ ಅದು ಚಾಲ್ತಿಯಲ್ಲಿದೆ ಎಂದೇ ಅರ್ಥ. ಆದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುವ ದೇಶಗಳು ಅನೇಕ ಇವೆ, ವಿಮಾನ ಹತ್ತುವ ಮುನ್ನವೇ ತಡೆಯುತ್ತಾರೆ. ಪ್ರಯಾಣ ಗೊತ್ತಾದಾಗ ಟಿಕೆಟ್ಟಿಗಿಂತ ಮೊದಲು ಪಾಸ್‌ಪೋರ್ಟನ್ನು ತೆರೆದು ನೋಡುವವರು, ಟಿಕೆಟ್ಟಿನ ಮೇಲಿನ ಹೆಸರು ಅದರಲ್ಲಿರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸುವವರು ಮುಂದಾಲೋಚನೆಯುಳ್ಳವರು.

ಒಂದು ದೂರನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಹಿಂದಿನ ಕೆಲಸದಲ್ಲಿ ಮುಖ್ಯಸ್ಥರು ನನ್ನನ್ನು ಇತರ ವಿಭಾಗಗಳ ಬೇಹುಗಾರಳನ್ನಾಗಿ ಬಳಸಲು ನೋಡಿದರು: ಯಾರು ಯಾರೊಡನೆ ಊಟಕ್ಕೆ ಹೋಗುತ್ತಾರೆ, ಯಾರು ಏನು ಗೊಣಗುತ್ತಾರೆ ಎಂದೆಲ್ಲ ಕೇಳುತ್ತಿದ್ದರು. ಮೇಲಿನವರು ಬರೆದ ಆ ಮೂರನೆಯ ಸಾಲಿಗೂ ಚಾಡಿಗೂ ನಡುವಿನ ಗೆರೆ ಬಹಳ ತೆಳು. ಜನ ಕೆಲಸಕ್ಕಾಗಿ ನಮ್ಮ ಮೇಜಿನ ಬಳಿ ಬಂದಾಗ ಕಂಡದ್ದನ್ನು ತಿಳಿಸುವುದು ನಮ್ಮ ಕರ್ತವ್ಯ. ನಂಬಿ ಆಡಿದ ಮಾತನ್ನು ಒಯ್ದು ಮುಟ್ಟಿಸುವುದು ಕರ್ತವ್ಯವಲ್ಲ. ಆಗಲ್ಲ ಎಂದು ಹೇಳಿದೆ, ಆರು ತಿಂಗಳ ನಂತರ ಕೆಲಸವನ್ನೂ ಬಿಟ್ಟೆ. ನಿಮ್ಮ ಅಭ್ಯರ್ಥಿಗೆ ಮುಖ್ಯಸ್ಥರೆದುರು ‘ಆಗಲ್ಲ’ ಎನ್ನುವ ಬೆನ್ನೆಲುಬೂ ಇದೆಯೇ ಎಂದು ನೋಡಿ.

---

ಆಡಳಿತ ವಿಭಾಗದವಳು (ಪ್ರಶ್ನೆ ಕೇಳಿದವಳು):

ಎಲ್ಲರಿಗೂ ಅನಂತ ಧನ್ಯವಾದಗಳು. ‘ಇಂದು ತಮ್ಮ ಪರವಾಗಿ’ ಚೀಟಿಯನ್ನೂ ಬಾಗಿಲು ತೆರೆಯಬೇಕಾದ ಸಂಗತಿಗಳ ಪಟ್ಟಿಯನ್ನೂ ನಿರ್ದೇಶಕರ ಮುಂದಿಟ್ಟೆ. ಪಟ್ಟಿ ಬರೆಸಲು ಕುಳಿತವರು ಎರಡು ಸಂಗತಿ ಹೇಳಿ, ಮೂರನೆಯದಕ್ಕೆ ಬಹಳ ಹೊತ್ತು ಯೋಚಿಸಿ, ನಾಳೆ ಹೇಳುತ್ತೇನೆ ಎಂದಿದ್ದಾರೆ. ಪ್ರಶ್ನೆಯ ಉಳಿದರ್ಧಕ್ಕೆ ಇನ್ನೂ ಉತ್ತರ ಬೇಕಾಗಿದೆ: ಇದನ್ನೆಲ್ಲ ಒಂದು ಗಂಟೆಯ ಸಂದರ್ಶನದಲ್ಲಿ ಕಂಡುಕೊಳ್ಳುವುದು ಹೇಗೆ?

---

ನಿವೃತ್ತ ಶೀಘ್ರಲಿಪಿಗಾರ:

ಪ್ರಶ್ನೆ ಕೇಳಿ ಕಂಡುಕೊಳ್ಳುವುದು ಕಷ್ಟ, ಏಕೆಂದರೆ ಗೌಪ್ಯವನ್ನು ಕಾಪಾಡುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರೂ ಇಲ್ಲ. ನಾನು ನನ್ನ ಜಾಗಕ್ಕೆ ಬರುವವರನ್ನು ಆರಿಸುವಾಗ ಮಾಡಿದ್ದನ್ನು ಹೇಳುತ್ತೇನೆ.

ಒಂದು ತಟ್ಟೆಯಲ್ಲಿ ಹನ್ನೆರಡು ಕಾಗದಗಳನ್ನು ಕಲಸಿ ಇಟ್ಟು, ಸಾಹೇಬರು ಇನ್ನು ಒಂದು ಗಂಟೆಗೆ ಬರುತ್ತಾರೆ, ಇವನ್ನು ಸಿದ್ಧಪಡಿಸಿ ಎಂದು ಹೇಳಿ ಎದ್ದುಹೋದೆ. ಎರಡು ಸಭೆಗಳು ಒಂದರ ಮೇಲೊಂದು ಬೀಳುತ್ತಿದ್ದವು, ಆದರೆ ಸಮಯವನ್ನು ಬೇರೆ ಬೇರೆ ಊರುಗಳ ಗಡಿಯಾರದಲ್ಲಿ ಬರೆದಿದ್ದರಿಂದ ಮೇಲುನೋಟಕ್ಕೆ ತಿಳಿಯುತ್ತಿರಲಿಲ್ಲ. ನೌಕರರೊಬ್ಬರ ವೈದ್ಯಕೀಯ ವರದಿ ಲಕೋಟೆಯಿಲ್ಲದೆ ನಡುವೆ ಸೇರಿತ್ತು. ಸಿಟ್ಟಿನ ದೂರಿನ ಪತ್ರವೊಂದಕ್ಕೆ ಮೂರು ವಾರಗಳಿಂದ ಉತ್ತರ ಹೋಗಿರಲಿಲ್ಲ. ಐವರಲ್ಲಿ ಮೂವರು ಎಲ್ಲವನ್ನೂ ದಿನಾಂಕದ ಪ್ರಕಾರ ಅಂದವಾಗಿ ಜೋಡಿಸಿಟ್ಟರು. ಒಬ್ಬರು ದೂರಿನ ಪತ್ರಕ್ಕೆ ಸಾಹೇಬರ ಹೆಸರಿನಲ್ಲಿ ಪರಿಹಾರದ ಭರವಸೆಯನ್ನೇ ಬರೆದಿದ್ದರು. ಒಬ್ಬಾಕೆ ಮಾತ್ರ ವೈದ್ಯಕೀಯ ವರದಿಯನ್ನು ಮಡಚಿ ಲಕೋಟೆಗೆ ಹಾಕಿ ಅಂಟಿಸಿ, ದೂರಿನ ಪತ್ರವನ್ನು ಎಲ್ಲಕ್ಕಿಂತ ಮೇಲಿಟ್ಟು, ಅದಕ್ಕೆ ಒಂದು ಚೀಟಿ ಚುಚ್ಚಿದ್ದರು: ‘ಇದಕ್ಕೆ ನಾನು ಏನು ಹೇಳಬಹುದು, ಏನು ಹೇಳಬಾರದು?’ ಸಭೆಗಳ ಡಿಕ್ಕಿ ಅವರ ಕಣ್ಣಿಗೂ ಬಿದ್ದಿರಲಿಲ್ಲ. ಆದರೂ ಅವರನ್ನೇ ಆರಿಸಿದೆ; ಗಡಿಯಾರದ ಲೆಕ್ಕವನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಇನ್ನೊಂದು ಉಪಾಯವಿದೆ, ಸ್ವಲ್ಪ ಕುಯುಕ್ತಿಯದು ಎನ್ನಬಹುದು. ಮಾತಿನ ನಡುವೆ, ಹಿಂದಿನ ಸಾಹೇಬರ ಜೊತೆ ಕಷ್ಟವಾಗುತ್ತಿತ್ತೇ ಎಂದು ಸಹಾನುಭೂತಿಯಿಂದ ಕೇಳಿ, ಆಮೇಲೆ ಸುಮ್ಮನೆ ಕುಳಿತುಬಿಡಿ. ಆ ಮೌನವನ್ನು ತುಂಬಲು ಅವರು ಏನೇನು ಹೇಳುತ್ತಾರೆ ಎಂಬುದನ್ನು ಗಮನಿಸಿ. ನಾಳೆ ನಿಮ್ಮ ಸಾಹೇಬರ ಬಗ್ಗೆ ಇನ್ನೊಂದು ಕೋಣೆಯಲ್ಲಿ ಅಷ್ಟನ್ನೇ ಹೇಳುತ್ತಾರೆ.

---

ಇನ್ನೂ ಇದೇ ಕುರ್ಚಿಯಲ್ಲಿರುವವಳು:

ಆ ಪರೀಕ್ಷೆಯಲ್ಲಿ ನಾನು ಬಹುಶಃ ಸೋಲುತ್ತಿದ್ದೆ. ಮೇಲೆಯೇ ಹಿಂದಿನ ಮುಖ್ಯಸ್ಥರ ದೂರನ್ನು ಹೇಳಿಬಿಟ್ಟಿದ್ದೇನಲ್ಲ. ಹೆಸರು ಹೇಳಲಿಲ್ಲ ಎಂಬುದಕ್ಕೆ ಅರ್ಧ ಅಂಕವಾದರೂ ಕೊಡಿ.

---

ನಿವೃತ್ತ ಶೀಘ್ರಲಿಪಿಗಾರ:

ಮುಕ್ಕಾಲು ಅಂಕ ಕೊಟ್ಟಿದ್ದೇನೆ, ತಾಯಿ. ಆಡಳಿತ ವಿಭಾಗದ ಮೇಡಂಗೆ ಒಂದು ಮಾತು: ತಟ್ಟೆಯಲ್ಲಿ ಇಡುವ ವೈದ್ಯಕೀಯ ವರದಿಯನ್ನು ನೀವೇ ಕಲ್ಪಿಸಿ ಬರೆಯಿರಿ, ನಿಜವಾದದ್ದನ್ನು ಇಡಬೇಡಿ.